ಆಕಾಶದಲ್ಲಿ ಇಂಜಿನು ನಿಂತಾಗ

ಹಾರುತ್ತಿರುವ ಸಣ್ಣ ವಿಮಾನದ ಇಂಜಿನು ನಡುದಾರಿಯಲ್ಲಿ ನಿಂತುಹೋದರೆ ಆ ವಿಮಾನವು ಕೈಬಿಟ್ಟ ಕಲ್ಲಿನಂತೆ ನೆಟ್ಟನೆ ನೆಲಕ್ಕೆ ಬೀಳುವುದೆಂದು ನಮ್ಮಲ್ಲಿ ಬಹುಮಂದಿ ಭಾವಿಸಿರುವರು. ಈ ಭಾವನೆಯು ಸಹಜವಾದುದೇ, ಆದರೆ ಸತ್ಯವಾದುದಲ್ಲ. ಇಂಜಿನು ನಿಂತ ವಿಮಾನವು ಹಾರುವುದನ್ನು ಒಡನೆಯೇ ಬಿಡುವುದಿಲ್ಲ. ಅದು ಮೇಲಕ್ಕೇರಲಾರದು, ಇದ್ದ ಎತ್ತರದಲ್ಲಿ ನಿಲ್ಲಲಾರದು. ಆದರೂ ನಡೆಸುವವರ ಕೈಗೆ ವಶವಾಗಿಯೇ ಇದ್ದು, ಮೆಲ್ಲಮೆಲ್ಲನೆ ಇಳಿಯುತ್ತ ಮೈಲಿಗಟ್ಟಲೆ ದೂರ ಸಾಗಬಲ್ಲುದು. ಆ ಇಳಿಯುವಿಕೆಯ ಕೆಲವು ನಿಮಿಷಗಳಲ್ಲಿ ಏನು ಮಾಡಬೇಕು, ಏನನ್ನು ಮಾಡಲೇಬಾರದು ಎಂಬುದನ್ನು ಅರಿತವರು ಬದುಕಿ ಬಂದಿರುವರು. ಅರಿಯದವರು, ಇಲ್ಲವೇ ಅರಿತೂ ಮರೆತವರು, ಬದುಕಬಹುದಾಗಿದ್ದ ಸಂದರ್ಭಗಳಲ್ಲಿಯೂ ಪ್ರಾಣವನ್ನು ನೀಗಿರುವರು.

ಹೆಣ್ಣುಮಕ್ಕಳ ಶಾಲೆಯ ಸಂಚಿಕೆಯಲ್ಲಿ ಇಂಥ ವಿಷಯವೇಕೆ ಎಂದು ಕೆಲವರು ಕೇಳಬಹುದು. ಕಾರಣವುಂಟು. 1936ರಲ್ಲಿ ಸರಲಾ ಠಕ್ರಾಲರು ತಮ್ಮ 21ನೆಯ ವಯಸ್ಸಿನಲ್ಲಿ ಜಿಪ್ಸಿ ಮಾತ್ ಎಂಬ ಪುಟ್ಟ ವಿಮಾನವನ್ನು ಒಬ್ಬರೇ ಹಾರಿಸಿದಾಗ ಅದೊಂದು ಸೋಜಿಗದ ಸಂಗತಿಯಾಗಿದ್ದಿತು. ಇಂದಾದರೋ ಭಾರತದ ವಿಮಾನಚಾಲಕರಲ್ಲಿ ಸ್ತ್ರೀಯರ ಪ್ರಮಾಣವು ಲೋಕದ ಸರಾಸರಿಗಿಂತ ಬಹಳ ಹೆಚ್ಚಾಗಿರುವುದು. ಬೆಂಗಳೂರಿನ ಜಕ್ಕೂರಿನಲ್ಲಿಯೇ ಸರ್ಕಾರದ ವೈಮಾನಿಕ ತರಬೇತಿ ಶಾಲೆಯುಂಟು. ಮುಂದೆ ನೂರಾರು ಜನರನ್ನು ಹೊತ್ತೊಯ್ಯುವ ದೊಡ್ಡ ವಿಮಾನವನ್ನು ನಡೆಸುವವಳಾದರೂ ಮೊದಲು ಕಲಿಯತಕ್ಕದ್ದು ಒಂದೇ ಇಂಜಿನಿನ ಸಣ್ಣ ವಿಮಾನದಲ್ಲಿ. ಆದಕಾರಣ ಮಗಳನ್ನು ಈ ವಿದ್ಯೆಗೆ ಕಳುಹಿಸಬೇಕೆಂದಿರುವ ತಾಯಂದಿರು ನಮ್ಮೊಡನೆ ಮಾತನಾಡುವಾಗ ಸುತ್ತಿ ಬಳಸಿ ಕೊನೆಗೆ ಒಂದೇ ಪ್ರಶ್ನೆಗೆ ಬರುವರು: "ಅಮ್ಮನವರೇ, ಇರುವುದು ಒಂದೇ ಇಂಜಿನು; ಅದು ಮೇಲೆಯೇ ನಿಂತುಬಿಟ್ಟರೆ ಮಗುವಿನ ಗತಿಯೇನು?" ಈ ಪ್ರಶ್ನೆಗೆ "ಹೆದರಬೇಡಿರಿ" ಎಂಬ ಬರಿಯ ಸಮಾಧಾನವು ಉತ್ತರವಾಗದು. ತಿಳಿವಳಿಕೆಯಿಂದ ಬಂದ ಧೈರ್ಯವೇ ನಿಲ್ಲುವ ಧೈರ್ಯವಾದುದರಿಂದ, ವಿಷಯವನ್ನು ಆದಷ್ಟು ಸರಳವಾಗಿ ವಿವರಿಸಲು ಯತ್ನಿಸುತ್ತೇವೆ.

ಮೊದಲು ವಿಮಾನವು ಹಾರುವ ಬಗೆಯನ್ನು ನೆನೆಯೋಣ. ವಿಮಾನವನ್ನು ಎತ್ತಿಹಿಡಿಯುವುದು ಇಂಜಿನಲ್ಲ, ರೆಕ್ಕೆ. ರೆಕ್ಕೆಯ ಮೇಲೂ ಕೆಳಗೂ ಗಾಳಿಯು ಸಾಕಷ್ಟು ವೇಗದಿಂದ ಹರಿಯುತ್ತಿರುವವರೆಗೆ ರೆಕ್ಕೆಗೆ ಎತ್ತುವ ಬಲವಿರುವುದು. ಇಂಜಿನು ಪ್ರೊಪೆಲರನ್ನು ತಿರುಗಿಸಿ ವಿಮಾನವನ್ನು ಮುಂದಕ್ಕೆ ಎಳೆದು, ಆ ವೇಗವನ್ನು ಒದಗಿಸುವುದಷ್ಟೆ. ಇಂಜಿನು ನಿಂತಾಗ ವೇಗವನ್ನು ಬೇರೆಲ್ಲಿಂದಲಾದರೂ ಪಡೆಯಬೇಕು. ಸೈಕಲ್ಲಿನ ಮೇಲೆ ಕುಳಿತವನು ಇಳಿಜಾರಿನಲ್ಲಿ ಪೆಡಲು ತುಳಿಯದೆಯೇ ಸಾಗುವನಲ್ಲವೆ? ಹಾಗೆಯೇ ವಿಮಾನವು ತನ್ನ ಎತ್ತರವನ್ನು ಸ್ವಲ್ಪಸ್ವಲ್ಪವಾಗಿ ವೆಚ್ಚಮಾಡಿ ವೇಗವನ್ನು ಕೊಂಡುಕೊಳ್ಳುವುದು. ರೆಕ್ಕೆ ಬಡಿಯದೆ ಆಕಾಶದಲ್ಲಿ ತೇಲುತ್ತ ಇಳಿಯುವ ಹದ್ದನ್ನು ನೋಡಿದವರಿಗೆ ಇದು ವಿಚಿತ್ರವೆನಿಸದು.

ಲೋಕದಲ್ಲಿ ಅತಿ ಹೆಚ್ಚು ಸಂಖ್ಯೆಯಲ್ಲಿ ತಯಾರಾದ ಸಣ್ಣ ವಿಮಾನವೆಂದರೆ ಸೆಸ್ನಾ 172. ಅದು ಇಂಜಿನಿಲ್ಲದೆ ಒಂದು ಅಡಿ ಇಳಿಯುವಷ್ಟರಲ್ಲಿ ಸುಮಾರು 9 ಅಡಿ ಮುಂದಕ್ಕೆ ಸಾಗುವುದು. ಎಂದರೆ, 3,000 ಅಡಿ ಎತ್ತರದಲ್ಲಿ ಇಂಜಿನು ನಿಂತರೆ, ಗಾಳಿಯ ಅಡ್ಡಿಯಿಲ್ಲದಿರುವಾಗ, ಸುಮಾರು 5 ಮೈಲಿ ದೂರ ಹೋಗುವುದಕ್ಕೂ ಸುಮಾರು 4 ನಿಮಿಷ ಯೋಚಿಸುವುದಕ್ಕೂ ಅವಕಾಶವುಂಟು. ಆದರೆ ಈ ಲೆಕ್ಕವು ನಿಜವಾಗಬೇಕಾದರೆ ಒಂದು ನಿಶ್ಚಿತವಾದ ವೇಗವನ್ನು ಕಾಪಾಡಬೇಕು. ಈ ವಿಮಾನಕ್ಕೆ ಅದು ಗಂಟೆಗೆ ಸುಮಾರು 75 ಮೈಲಿ. ಅದಕ್ಕಿಂತ ಹೆಚ್ಚು ವೇಗವಾದರೂ ದೂರವು ಕುಗ್ಗುವುದು, ಕಡಮೆಯಾದರೂ ಕುಗ್ಗುವುದು. ಬಹಳ ಕಡಮೆಯಾದರೆ ರೆಕ್ಕೆಯು ಗಾಳಿಯ ಹಿಡಿತವನ್ನೇ ಕಳೆದುಕೊಳ್ಳುವುದು. ವೈಮಾನಿಕರು ಇದನ್ನು ಸ್ಟಾಲ್ ಎಂದು ಕರೆಯುವರು. ವಿಮಾನವು ಕಲ್ಲಿನಂತೆ ಬೀಳುವುದು ಆಗಲೇ ಹೊರತು ಇಂಜಿನು ನಿಂತಾಗಲಲ್ಲ. ಈ ಭೇದವನ್ನು ವಾಚಕರು ಚೆನ್ನಾಗಿ ಮನಸ್ಸಿನಲ್ಲಿಟ್ಟುಕೊಳ್ಳಬೇಕು. ಮುಂದೆ ಹೇಳತಕ್ಕದ್ದೆಲ್ಲವೂ ಇದರ ಮೇಲೆಯೇ ನಿಂತಿದೆ.

ಇನ್ನು, ಇಂಜಿನು ಏಕೆ ನಿಲ್ಲುವುದು? ಅಡಿಗೆಮನೆಯ ಒಲೆಯನ್ನು ನೆನೆದರೆ ಸಾಕು. ಒಲೆ ಉರಿಯಬೇಕಾದರೆ ಸೌದೆ ಬೇಕು, ಗಾಳಿ ಬೇಕು, ಹೊತ್ತಿಸುವ ಕಿಡಿ ಬೇಕು. ಇಂಜಿನಿಗೂ ಪೆಟ್ರೋಲು, ಗಾಳಿ, ಕಿಡಿ ಈ ಮೂರು ಬೇಕು. ಜೊತೆಗೆ ಅದರ ಅಂಗಗಳು ಒಂದನ್ನೊಂದು ಉಜ್ಜಿ ಸವೆಯದಂತೆ ಎಣ್ಣೆಯೂ ಬೇಕು. ಇವುಗಳಲ್ಲಿ ಯಾವುದೊಂದು ತಪ್ಪಿದರೂ ಇಂಜಿನು ಸೊರಗುವುದು ಇಲ್ಲವೆ ನಿಲ್ಲುವುದು.

ಇವುಗಳಲ್ಲಿ ಪೆಟ್ರೋಲಿನ ವಿಷಯವೇ ಅತ್ಯಂತ ಮುಖ್ಯವಾದುದು. ಯಂತ್ರದಲ್ಲಿ ಯಾವ ದೋಷವೂ ಇಲ್ಲದೆ, ತೊಟ್ಟಿ ಬರಿದಾದುದರಿಂದಲೇ ಇಂಜಿನು ನಿಂತ ಉದಾಹರಣೆಗಳು ಬಹಳ. ಎದುರುಗಾಳಿಯಿಂದ ಪ್ರಯಾಣವು ನೀಳವಾಗಬಹುದು; ದಾರಿ ತಪ್ಪಬಹುದು; ಮಾಪಕದ ಮುಳ್ಳು ಸುಳ್ಳು ಹೇಳಬಹುದು. 1930ರ ಮೇ ತಿಂಗಳಲ್ಲಿ ಏಮಿ ಜಾನ್‌ಸನ್ ಎಂಬ ಆಂಗ್ಲ ತರುಣಿಯು ಜೇಸನ್ ಎಂಬ ಹೆಸರಿನ ಜಿಪ್ಸಿ ಮಾತ್ ವಿಮಾನದಲ್ಲಿ ಇಂಗ್ಲೆಂಡಿನಿಂದ ಆಸ್ಟ್ರೇಲಿಯಕ್ಕೆ ಒಬ್ಬಳೇ ಹಾರಿದಳು. ನಮ್ಮ ದೇಶದ ಮೇಲೆ ಹಾರುತ್ತ ಅಲಹಾಬಾದನ್ನು ಮುಟ್ಟುವ ಮೊದಲೇ ಪೆಟ್ರೋಲು ಸಾಲದೆ ಬಂದುದರಿಂದ ಆಕೆ ಝಾನ್ಸಿಯ ಸೈನ್ಯದ ಕವಾಯತು ಮೈದಾನದಲ್ಲಿ ಇಳಿಯಬೇಕಾಯಿತು. ಇಂಜಿನು ತಾನಾಗಿ ನಿಲ್ಲುವವರೆಗೆ ಕಾಯದೆ, ಇನ್ನೂ ಶಕ್ತಿಯಿರುವಾಗಲೇ ಇಳಿಯುವ ಸ್ಥಳವನ್ನು ಆರಿಸಿಕೊಳ್ಳುವುದು ವಿವೇಕ. ಈಗ ಅಮೆರಿಕದ ಸಂಯುಕ್ತ ಸಂಸ್ಥಾನಗಳ ನಿಯಮದಂತೆ, ಕಣ್ಣಿಗೆ ಕಾಣುವ ಗುರುತುಗಳನ್ನು ಹಿಡಿದು ಹಾರುವ ಸಣ್ಣ ವಿಮಾನದವರು ಹಗಲಿನಲ್ಲಾದರೆ 30 ನಿಮಿಷಕ್ಕೂ ಇರುಳಿನಲ್ಲಾದರೆ 45 ನಿಮಿಷಕ್ಕೂ ಸಾಕಾಗುವ ಪೆಟ್ರೋಲನ್ನು ಹೆಚ್ಚಿಗೆಯಾಗಿ ಇಟ್ಟುಕೊಂಡೇ ಹೊರಡಬೇಕು. ಮನೆಗೆ ಎಷ್ಟು ಮಂದಿ ಅತಿಥಿಗಳು ಬರುವರೆಂದು ಖಚಿತವಿಲ್ಲದಾಗ ಗೃಹಿಣಿಯು ಒಂದು ಪಾವು ಅಕ್ಕಿಯನ್ನು ಹೆಚ್ಚಿಗೆ ಹಾಕುವಂತೆ ಇದು.

ಕೆಲವೊಮ್ಮೆ ಪೆಟ್ರೋಲು ವಿಮಾನದಲ್ಲಿದ್ದರೂ ಇಂಜಿನಿಗೆ ತಲಪುವುದಿಲ್ಲ. ಎಷ್ಟೋ ವಿಮಾನಗಳಲ್ಲಿ ಎಡಗಡೆಗೊಂದು, ಬಲಗಡೆಗೊಂದು ತೊಟ್ಟಿಯಿದ್ದು, ಯಾವುದರಿಂದ ಪೆಟ್ರೋಲು ಹರಿಯಬೇಕೆಂಬುದನ್ನು ಒಂದು ತಿರುಗುಹಿಡಿಯಿಂದ ಗೊತ್ತುಮಾಡುವರು. ಒಂದು ತೊಟ್ಟಿ ಬರಿದಾದಾಗ ಹಿಡಿಯನ್ನು ತಿರುಗಿಸಲು ಮರೆತರೆ, ಪಕ್ಕದಲ್ಲಿ ತುಂಬಿದ ತೊಟ್ಟಿಯಿದ್ದರೂ ಇಂಜಿನು ನಿಲ್ಲುವುದು. 1997ರ ಅಕ್ಟೋಬರ್ 12ರಂದು ಅಮೆರಿಕದ ಪ್ರಸಿದ್ಧ ಗಾಯಕ ಜಾನ್ ಡೆನ್ವರರು ತಮ್ಮ ಸಣ್ಣ ವಿಮಾನದಲ್ಲಿ ಕ್ಯಾಲಿಫೋರ್ನಿಯದ ಮಾಂಟೆರೆ ಕೊಲ್ಲಿಯ ಮೇಲೆ ಹಾರುತ್ತಿದ್ದರು. ಆ ವಿಮಾನದಲ್ಲಿ ತೊಟ್ಟಿಯನ್ನು ಬದಲಾಯಿಸುವ ಹಿಡಿಯು ಚಾಲಕರ ಎಡಭುಜದ ಹಿಂದೆ, ಕೈಗೆ ಸುಲಭವಾಗಿ ನಿಲುಕದ ಸ್ಥಳದಲ್ಲಿದ್ದಿತು. ಹೊರಡುವ ಮೊದಲು ಅವರು ಪೆಟ್ರೋಲು ತುಂಬಿಸಿಕೊಳ್ಳಲಿಲ್ಲ. ಹಿಡಿಯನ್ನು ಮುಟ್ಟಲು ಹಿಂದಕ್ಕೆ ಹೊರಳಿದಾಗ ಕಾಲು ಅರಿಯದೆಯೇ ಚುಕ್ಕಾಣಿಯ ಪೆಡಲನ್ನು ಒತ್ತಿ, ವಿಮಾನವು ವಶತಪ್ಪಿ ಸಮುದ್ರಕ್ಕೆ ಬಿದ್ದಿತೆಂದು ತನಿಖೆಯವರು ನಿರ್ಣಯಿಸಿದರು. ಕೊಂದುದು ನಿಂತ ಇಂಜಿನಲ್ಲ. ಇಂಜಿನಿನ ಕಡೆಗೆ ಹೋದ ಗಮನವು ವಿಮಾನವನ್ನು ನಡೆಸುವುದರಿಂದ ಕದಲಿದುದು.

ಪೆಟ್ರೋಲಿಗೆ ನೀರಿನ ವೈರವೂ ಉಂಟು. ಅರ್ಧ ತುಂಬಿದ ತೊಟ್ಟಿಯ ಒಳಗಿನ ತೇವದ ಗಾಳಿಯು ರಾತ್ರಿಯ ತಂಪಿಗೆ ಹನಿಗಟ್ಟಿ ಕೆಳಗಿಳಿಯುವುದು. ಮುಚ್ಚಳವು ಸರಿಯಾಗಿರದಿದ್ದರೆ ಮಳೆಯ ನೀರು ಸೇರುವುದು. ನೀರು ಪೆಟ್ರೋಲಿಗಿಂತ ಭಾರವಾದುದರಿಂದ ತಳದಲ್ಲಿ ನಿಲ್ಲುವುದು, ಮತ್ತು ತಳದಿಂದಲೇ ಇಂಜಿನಿಗೆ ಕೊಳವೆ ಹೋಗುವುದು. ಹಣತೆಯ ಎಣ್ಣೆಯಲ್ಲಿ ನೀರು ಬೆರೆತರೆ ದೀಪವು ಚಟಚಟನೆ ಸಿಡಿದು ನಂದುವುದನ್ನು ನಾವೆಲ್ಲರೂ ಕಂಡಿರುವೆವು. ಆದಕಾರಣ ಪ್ರತಿ ದಿನವೂ ಮೊದಲ ಹಾರಾಟಕ್ಕೆ ಮುಂಚೆ, ಪೆಟ್ರೋಲು ತುಂಬಿಸಿದ ನಂತರವೂ, ತೊಟ್ಟಿಯ ತಳದಿಂದ ಸ್ವಲ್ಪವನ್ನು ಒಂದು ಪಾರದರ್ಶಕವಾದ ಬಟ್ಟಲಿಗೆ ಬಿಟ್ಟು ಬೆಳಕಿಗೆ ಹಿಡಿದು ನೋಡುವರು. ಅಡಿಯಲ್ಲಿ ನೀರಿನ ಗುಳ್ಳೆ ಕಂಡರೆ ಅದು ಕಾಣದಾಗುವವರೆಗೆ ಮತ್ತೆ ಮತ್ತೆ ತೆಗೆಯುವರು. ಮಾಪಕವನ್ನು ನಂಬದೆ ತೊಟ್ಟಿಯೊಳಕ್ಕೆ ಕಡ್ಡಿಯನ್ನು ಇಳಿಬಿಟ್ಟು ಅಳೆಯುವರು. ಈ ಕೆಲಸಕ್ಕೆ ಹಿಡಿಯುವುದು ಐದು ನಿಮಿಷ.

ಎರಡನೆಯದು ಗಾಳಿ. ಇಲ್ಲಿ ಹೊಸಬರನ್ನು ಬೆರಗುಗೊಳಿಸುವ ಒಂದು ಸಂಗತಿಯುಂಟು. ಬೇಸಗೆಯಲ್ಲಿ ಮಣ್ಣಿನ ಹೂಜಿಯ ನೀರು ತಣ್ಣಗಾಗುವುದು ಏಕೆ? ಹೂಜಿಯ ಮೈಯಿಂದ ಹೊರಸೂಸಿದ ನೀರು ಆವಿಯಾಗುವಾಗ ಶಾಖವನ್ನು ಹೀರಿಕೊಳ್ಳುವುದರಿಂದ. ಪೆಟ್ರೋಲನ್ನೂ ಗಾಳಿಯನ್ನೂ ಬೆರಸುವ ಕಾರ್ಬುರೇಟರ್ ಎಂಬ ಉಪಕರಣದಲ್ಲಿ ಪೆಟ್ರೋಲು ಆವಿಯಾಗುವುದು. ಗಾಳಿಯೂ ಇಕ್ಕಟ್ಟಾದ ಕಂಠದಲ್ಲಿ ಹಿಗ್ಗಿ ತಣಿಯುವುದು. ಎರಡೂ ಸೇರಿ ಅಲ್ಲಿಯ ಉಷ್ಣತೆಯು 30 ಡಿಗ್ರಿ ಸೆಂಟಿಗ್ರೇಡಿಗೂ ಮಿಗಿಲಾಗಿ ಇಳಿಯಬಹುದು. ಗಾಳಿಯಲ್ಲಿ ತೇವವಿದ್ದರೆ ಆ ಕಂಠದಲ್ಲಿ ಮಂಜುಗಡ್ಡೆ ಕಟ್ಟಿ ಇಂಜಿನಿನ ಉಸಿರನ್ನೇ ಹಿಸುಕುವುದು. ಹೊರಗೆ ಹಿಮವಿರಬೇಕಾದುದಿಲ್ಲ, 20 ಡಿಗ್ರಿಯ ಹಿತವಾದ ಹವೆಯಲ್ಲಿಯೂ, ಅದಕ್ಕಿಂತ ಹೆಚ್ಚು ಸೆಕೆಯಿರುವಾಗಲೂ, ತೇವವು ಸಾಕಷ್ಟಿದ್ದರೆ ಇದು ಸಂಭವಿಸಬಲ್ಲುದು. ಇಂಜಿನನ್ನು ನಿಧಾನಮಾಡಿ ಇಳಿಯುತ್ತಿರುವಾಗ ಈ ಭಯವು ಹೆಚ್ಚು.

ಇದಕ್ಕೆ ಪರಿಹಾರವಾಗಿ, ಇಂಜಿನಿನ ಹೊಗೆಕೊಳವೆಯ ಸುತ್ತ ಬಿಸಿಯಾದ ಗಾಳಿಯನ್ನು ಕಾರ್ಬುರೇಟರಿಗೆ ತಿರುಗಿಸುವ ಒಂದು ಹಿಡಿಯನ್ನು ಇಟ್ಟಿರುವರು. ಅದನ್ನೆಳೆದೊಡನೆ ಮಂಜು ಕರಗಿ ನೀರಾಗಿ ಇಂಜಿನಿನೊಳಕ್ಕೆ ಹೋಗುವುದರಿಂದ ಇಂಜಿನು ಮೊದಲಿಗಿಂತ ಹೆಚ್ಚಾಗಿ ಗುಡುಗುಟ್ಟುವುದು, ನಡುಗುವುದು. ಅನುಭವವಿಲ್ಲದವಳು ಗಾಬರಿಯಿಂದ ಹಿಡಿಯನ್ನು ಮತ್ತೆ ತಳ್ಳಿಬಿಟ್ಟರೆ ಪರಿಹಾರವನ್ನೇ ದೂರಮಾಡಿದಂತಾಗುವುದು. ಕಹಿಯಾದ ಔಷಧವನ್ನು ಅರ್ಧಕ್ಕೆ ಉಗುಳಬಾರದು. ಸ್ವಲ್ಪ ಹೊತ್ತು ತಾಳಬೇಕು. ಪೆಟ್ರೋಲನ್ನು ನೇರವಾಗಿ ಸಿಂಪಡಿಸುವ ಹೊಸ ಬಗೆಯ ಇಂಜಿನುಗಳಲ್ಲಿ ಕಾರ್ಬುರೇಟರ್ ಇಲ್ಲದುದರಿಂದ ಈ ತೊಂದರೆಯಿಲ್ಲ. ಹಳೆಯ ಬಗೆಯವು ಇಂದಿಗೂ ಬಹಳವಾಗಿ ಬಳಕೆಯಲ್ಲಿವೆ.

ಮೂರನೆಯದು ಕಿಡಿ. ವಿಮಾನದ ಇಂಜಿನನ್ನು ರಚಿಸಿದವರು ಇಲ್ಲಿ ವಿಶೇಷವಾದ ಎಚ್ಚರಿಕೆಯನ್ನು ವಹಿಸಿರುವರು. ಪ್ರತಿ ಸಿಲಿಂಡರಿಗೂ ಎರಡು ಸ್ಪಾರ್ಕ್ ಪ್ಲಗ್ಗುಗಳು. ಅವುಗಳಿಗೆ ವಿದ್ಯುತ್ತನ್ನು ಒದಗಿಸಲು ಮ್ಯಾಗ್ನೆಟೊ ಎಂಬ ಯಂತ್ರಗಳು ಎರಡು. ಇವು ಬ್ಯಾಟರಿಯನ್ನು ನಂಬಿಲ್ಲ. ಇಂಜಿನು ತಿರುಗುವವರೆಗೆ ತಾವೇ ವಿದ್ಯುತ್ತನ್ನು ಹುಟ್ಟಿಸಿಕೊಳ್ಳುವುವು. ಒಂದು ಕೆಟ್ಟರೂ ಇನ್ನೊಂದರಿಂದ ಇಂಜಿನು ನಡೆಯುವುದು. ನೆಲದಿಂದ ಏಳುವ ಮೊದಲು ಚಾಲಕಿಯು ಒಂದೊಂದನ್ನೇ ನಿಲ್ಲಿಸಿ ಇನ್ನೊಂದು ಸರಿಯಾಗಿದೆಯೇ ಎಂದು ಪರೀಕ್ಷಿಸುವಳು.

ಪ್ಲಗ್ಗಿನ ಮಾತು ಬಂದಾಗ ಒಂದು ಸಂಗತಿಯನ್ನು ಹೇಳದಿರಲಾರೆವು. 1930ರಲ್ಲಿ ಇಂಗ್ಲೆಂಡಿಗೂ ಭಾರತಕ್ಕೂ ನಡುವೆ ಒಬ್ಬನೇ ಹಾರಿ ಮೊದಲು ಗುರಿಮುಟ್ಟುವ ಭಾರತೀಯನಿಗೆ ಆಗಾ ಖಾನರು ಬಹುಮಾನವನ್ನಿಟ್ಟಿದ್ದರು. ಜೆ. ಆರ್. ಡಿ. ಟಾಟಾರವರು ಕರಾಚಿಯಿಂದ ಹೊರಟಿದ್ದರು; ಆಸ್ಪಿ ಇಂಜಿನಿಯರ್ ಎಂಬ 17 ವರುಷದ ಹುಡುಗನು ಇಂಗ್ಲೆಂಡಿನಿಂದ ಬರುತ್ತಿದ್ದನು. ಈಜಿಪ್ಟಿನ ಅಬೂಕೀರಿನಲ್ಲಿ ಇಬ್ಬರೂ ಸಂಧಿಸಿದರು. ಹುಡುಗನು ಪ್ಲಗ್ಗುಗಳಿಲ್ಲದೆ ಅಲ್ಲಿಯೇ ಉಳಿದಿದ್ದನು. ಟಾಟಾರವರು ತಮ್ಮಲ್ಲಿದ್ದ ಹೆಚ್ಚಿನ ಪ್ಲಗ್ಗುಗಳನ್ನು ಅವನಿಗೆ ಕೊಟ್ಟರು. ಹುಡುಗನೇ ಪಂದ್ಯವನ್ನು ಗೆದ್ದನು. ಮುಂದೆ 1960ರಲ್ಲಿ ಭಾರತೀಯ ವಾಯುಸೇನೆಯ ಮುಖ್ಯಸ್ಥನಾದನು. ಟಾಟಾರವರು 1932ರ ಅಕ್ಟೋಬರ್ 15ರಂದು ಒಂದೇ ಇಂಜಿನಿನ ಪಸ್ ಮಾತ್ ವಿಮಾನದಲ್ಲಿ ಕರಾಚಿಯಿಂದ ಮುಂಬಯಿಗೆ ಅಂಚೆಯನ್ನು ತಂದರು. ಅಲ್ಲಿಂದ ಆ ಅಂಚೆಯು ನಮ್ಮ ಬಳ್ಳಾರಿಯ ಮೇಲೆಯೇ ಮದರಾಸಿಗೆ ಹೋಯಿತು.

ಇಂಜಿನಿನ ಸಣ್ಣದೊಂದು ಅಂಗವು ಸಡಿಲವಾದರೂ ಸಾಕು. 2015ರ ಮಾರ್ಚ್ 5ರಂದು ಚಲಚ್ಚಿತ್ರ ನಟ ಹ್ಯಾರಿಸನ್ ಫೋರ್ಡರು ಎರಡನೆಯ ಮಹಾಯುದ್ಧಕಾಲದ ತರಬೇತಿ ವಿಮಾನವೊಂದರಲ್ಲಿ ಕ್ಯಾಲಿಫೋರ್ನಿಯದ ಸಾಂತಾ ಮೋನಿಕಾದಿಂದ ಮೇಲೆದ್ದ ಸ್ವಲ್ಪ ಹೊತ್ತಿಗೆಲ್ಲ ಇಂಜಿನು ಶಕ್ತಿಗುಂದಿತು. ಹಿಂದಿರುಗಿ ನಿಲ್ದಾಣವನ್ನು ಮುಟ್ಟಲಾರೆನೆಂದು ತಿಳಿದು ಅವರು ಹತ್ತಿರದ ಗಾಲ್ಫ್ ಮೈದಾನವೊಂದರಲ್ಲಿ ವಿಮಾನವನ್ನಿಳಿಸಿದರು. ಮರದ ತುದಿಗೆ ತಗುಲಿ ಬಿದ್ದು ಬಲವಾದ ಗಾಯಗಳಾದರೂ ಪ್ರಾಣವುಳಿಯಿತು; ನೆಲದ ಮೇಲಿದ್ದವರಿಗೂ ಅಪಾಯವಾಗಲಿಲ್ಲ. ಕಾರ್ಬುರೇಟರಿನಲ್ಲಿ ಪೆಟ್ರೋಲನ್ನು ಅಳೆದು ಬಿಡುವ ಒಂದು ಸಣ್ಣ ಮೂತಿಯು ತಿರುಪು ಕಳಚಿಕೊಂಡಿದ್ದುದೇ ಕಾರಣವೆಂದು ತನಿಖೆಯಿಂದ ತಿಳಿದುಬಂದಿತು.

ಇನ್ನು, ಇಂಜಿನು ನಿಂತಾಗ ಚಾಲಕಿಯು ಮಾಡತಕ್ಕದ್ದೇನು ಎಂಬ ಮುಖ್ಯ ವಿಷಯಕ್ಕೆ ಬರೋಣ.

ಮೊದಲ ಕರ್ತವ್ಯವು ವೇಗವನ್ನು ಕಾಪಾಡುವುದು. ಶಬ್ದವು ನಿಂತು, ನೆಲವು ಮೇಲಕ್ಕೆ ಬರುವಂತೆ ತೋರಿದಾಗ ಮನುಷ್ಯಸ್ವಭಾವವು ವಿಮಾನದ ಮೂತಿಯನ್ನು ಮೇಲಕ್ಕೆಳೆಯಲು ಪ್ರೇರಿಸುವುದು. ಅದೇ ಮೃತ್ಯುವಿನ ಕರೆ. ಹಾಗೆ ಎಳೆದರೆ ವೇಗವು ಕುಗ್ಗಿ ಸ್ಟಾಲ್ ಆಗುವುದು. ಮನಸ್ಸು ಒಪ್ಪದಿದ್ದರೂ ಮೂತಿಯನ್ನು ಕೆಳಕ್ಕೆ ಬಾಗಿಸಬೇಕು. ಎರಡನೆಯದು, ಇಳಿಯುವ ಸ್ಥಳವನ್ನು ಆರಿಸಿ ವಿಮಾನವನ್ನು ಆ ಕಡೆಗೆ ತಿರುಗಿಸುವುದು. ಮೂರನೆಯದು, ಎತ್ತರವು ಇನ್ನೂ ಇದ್ದರೆ ಕಾರಣವನ್ನು ಹುಡುಕುವುದು: ತೊಟ್ಟಿಯ ಹಿಡಿಯನ್ನು ಬದಲಾಯಿಸುವುದು, ಕಾರ್ಬುರೇಟರಿಗೆ ಬಿಸಿಗಾಳಿಯನ್ನು ಬಿಡುವುದು, ಪೆಟ್ರೋಲಿನ ಮಿಶ್ರಣವನ್ನೂ ಮ್ಯಾಗ್ನೆಟೊಗಳನ್ನೂ ನೋಡುವುದು. ಅನೇಕ ಸಲ ಇಂಜಿನು ಇಷ್ಟರಲ್ಲಿಯೇ ಮತ್ತೆ ಜೀವಗೊಳ್ಳುವುದು. ನಾಲ್ಕನೆಯದು, ರೇಡಿಯೋದಲ್ಲಿ "ಮೇಡೇ" ಎಂದು ಮೂರು ಸಲ ಕೂಗಿ ತಾನಿರುವ ಸ್ಥಳವನ್ನು ತಿಳಿಸುವುದು. 'ನನಗೆ ಸಹಾಯಮಾಡಿ' ಎಂಬರ್ಥದ ಫ್ರೆಂಚ್ ಮಾತಿನಿಂದ ಈ ಕರೆಯು ಬಂದಿದೆ. ಯಾವ ನಿಲ್ದಾಣದೊಡನೆಯೂ ಸಂಪರ್ಕವಿಲ್ಲದಾಗ ಇದಕ್ಕಾಗಿ 121.5 ಮೆಗಾಹರ್ಟ್ಸ್ ಎಂಬ ತರಂಗವನ್ನು ಕಾದಿರಿಸಿದೆ. ಕೊನೆಯದಾಗಿ, ನೆಲವು ಸಮೀಪಿಸಿದಾಗ ಬೆಂಕಿ ಹತ್ತದಂತೆ ಪೆಟ್ರೋಲನ್ನೂ ವಿದ್ಯುತ್ತನ್ನೂ ನಿಲ್ಲಿಸಿ, ನಡುವಿಗೂ ಹೆಗಲಿಗೂ ಪಟ್ಟಿಯನ್ನು ಬಿಗಿಮಾಡಿ, ಬಾಗಿಲ ಚಿಲಕವನ್ನು ತೆಗೆದಿಡುವುದು. ಚೌಕಟ್ಟು ಸೊಟ್ಟಗಾದರೆ ಮುಚ್ಚಿದ ಬಾಗಿಲು ತೆರೆಯದೆ ಹೋಗಬಹುದು.

ಈ ಕ್ರಮವನ್ನು ನೋಡಿರಿ. ಮಾತನಾಡುವುದು ನಾಲ್ಕನೆಯದು, ವಿಮಾನವನ್ನು ನಡೆಸುವುದು ಮೊದಲನೆಯದು. ಸಹಾಯಕ್ಕಾಗಿ ಕೂಗುತ್ತ ವಿಮಾನವನ್ನು ಮರೆತವಳಿಗೆ ಯಾರೂ ಸಹಾಯಮಾಡಲಾರರು.

ಎತ್ತರವಿದ್ದಾಗ ಇಷ್ಟೆಲ್ಲಕ್ಕೂ ಕಾಲವುಂಟು. ಆದರೆ ನೆಲವನ್ನು ಬಿಟ್ಟ ಕೆಲವೇ ನೂರು ಅಡಿಗಳಲ್ಲಿ ಇಂಜಿನು ನಿಂತರೆ? ಈಗ ತಾನೇ ಬಿಟ್ಟುಬಂದ ನಿಲ್ದಾಣವು ಬೆನ್ನ ಹಿಂದೆಯೇ ಇರುವುದು. ತಿರುಗಿ ಹೋಗೋಣವೆಂಬ ಆಸೆಯು ಪ್ರಬಲವಾಗುವುದು. ಈ ಆಸೆಯು ಬಹುಮಂದಿಯನ್ನು ಬಲಿತೆಗೆದುಕೊಂಡಿದೆ. ಹಾರಿದ ದಾರಿಗೇ ಮರಳಬೇಕಾದರೆ ಅರ್ಧವೃತ್ತಕ್ಕಿಂತ ಹೆಚ್ಚಾಗಿ ತಿರುಗಿ ಮತ್ತೆ ನೇರವಾಗಬೇಕು. ತಿರುಗಲು ವಿಮಾನವು ಓರೆಯಾಗಬೇಕು. ಓರೆಯಾದಷ್ಟೂ ರೆಕ್ಕೆಯ ಮೇಲೆ ಭಾರವು ಹೆಚ್ಚಿ, ಸ್ಟಾಲ್ ಆಗುವ ವೇಗವೂ ಏರುವುದು. 45 ಡಿಗ್ರಿ ಓರೆಯಲ್ಲಿ ಅದು ಸುಮಾರು ಐದನೆಯ ಒಂದು ಪಾಲಿನಷ್ಟೂ, 60 ಡಿಗ್ರಿಯಲ್ಲಿ ಐದನೆಯ ಎರಡು ಪಾಲಿನಷ್ಟೂ ಹೆಚ್ಚುವುದು. ಇತ್ತ ಎತ್ತರವಿಲ್ಲ, ಅತ್ತ ವೇಗವಿಲ್ಲ. ಆದಕಾರಣ ಎತ್ತರವು ಸಾಲದಾಗ ಹಿಂದಿರುಗದೆ, ಎದುರಿಗೂ ಅದರ ಎಡಬಲಕ್ಕೂ ಸಿಕ್ಕ ನೆಲದಲ್ಲಿಯೇ ಇಳಿಯಬೇಕೆಂದು ಗುರುಗಳು ಮೊದಲ ಪಾಠದಿಂದಲೇ ಬೋಧಿಸುವರು.

ಇಂಜಿನು ಪೂರ್ತಿಯಾಗಿ ನಿಲ್ಲದೆ ಅರೆಶಕ್ತಿಯಿಂದ ಕುಂಟುತ್ತಿರುವ ಸಂದರ್ಭವು ಇನ್ನೂ ಮೋಸದ್ದು. ಪೂರ್ತಿ ನಿಂತರೆ ಸಂದೇಹವಿಲ್ಲ, ಇಳಿಯಲೇಬೇಕು. ಕುಂಟುತ್ತಿದ್ದರೆ "ಇನ್ನು ಸ್ವಲ್ಪ ದೂರ, ಇನ್ನು ಸ್ವಲ್ಪ ದೂರ" ಎಂಬ ಆಶೆಯು ಒಳ್ಳೆಯ ಬಯಲುಗಳನ್ನು ದಾಟಿಸಿ, ಕೊನೆಗೆ ಕಾಡಿನ ಮೇಲೋ ಊರಿನ ಮೇಲೋ ಕೈಬಿಡಬಹುದು.

ಇಳಿಯುವ ನೆಲವನ್ನು ಆರಿಸುವುದೂ ಒಂದು ವಿದ್ಯೆಯೇ. ಮೊದಲು ಗಾಳಿಯ ದಿಕ್ಕನ್ನು ತಿಳಿಯಬೇಕು. ಒಲೆಯ ಹೊಗೆ, ಕೆರೆಯ ನೀರಿನ ಅಲೆ, ತೂಗುವ ಪೈರು, ಒಣಹಾಕಿದ ಬಟ್ಟೆ ಇವೆಲ್ಲವೂ ಅದನ್ನು ಹೇಳುವುವು. ಗಾಳಿಗೆ ಎದುರಾಗಿ ಇಳಿಯುವುದರಿಂದ ಆಗುವ ಲಾಭವನ್ನು ಲೆಕ್ಕಹಾಕೋಣ. ಗಾಳಿಯಲ್ಲಿ ಗಂಟೆಗೆ 60 ಮೈಲಿ ವೇಗದಿಂದ ಇಳಿಯುವ ವಿಮಾನವು 10 ಮೈಲಿ ವೇಗದ ಗಾಳಿಗೆ ಎದುರಾಗಿ ಬಂದರೆ ನೆಲವನ್ನು 50 ಮೈಲಿ ವೇಗದಿಂದ ಮುಟ್ಟುವುದು. ಗಾಳಿಯೊಡನೆ ಬಂದರೆ 70 ಮೈಲಿ ವೇಗದಿಂದ. ಪೆಟ್ಟಿನ ಬಲವಾದರೋ ವೇಗದ ವರ್ಗವನ್ನು ಅನುಸರಿಸುವುದು. 50ರ ವರ್ಗ 2,500. 70ರ ವರ್ಗ 4,900. ಎಂದರೆ ಪೆಟ್ಟು ಹೆಚ್ಚುಕಡಮೆ ಎರಡರಷ್ಟು! ಬೀಜಗಣಿತದಿಂದ ಬಾಳಿಗೇನು ಪ್ರಯೋಜನವೆಂದು ಕೇಳುವ ಹುಡುಗಿಯರು ಇದನ್ನು ಗಮನಿಸಬೇಕು. ಭೂಮಿಯ ಆಕರ್ಷಣೆಯ 9 ರಷ್ಟು ಬಲದಿಂದ ತಡೆದರೆ, 50 ಮೈಲಿ ವೇಗದ ವಿಮಾನವು ಸುಮಾರು 9 ಅಡಿಗಳಲ್ಲಿಯೇ ನಿಲ್ಲುವುದು. 100 ಮೈಲಿಯದಾದರೆ ಸುಮಾರು 37 ಅಡಿ ಬೇಕು. ಆದಕಾರಣ, ನೆಲವು ಎಷ್ಟು ಒರಟಾಗಿದ್ದರೂ, ವೇಗವನ್ನು ಆದಷ್ಟು ತಗ್ಗಿಸಿ, ಆದರೆ ಸ್ಟಾಲ್ ಆಗಲು ಬಿಡದೆ, ರೆಕ್ಕೆಗಳನ್ನು ಸಮವಾಗಿಟ್ಟು ಇಳಿದವರು ಬದುಕುವ ಸಂಭವವೇ ಹೆಚ್ಚು.

ಉತ್ತ ಹೊಲವಾದರೆ ಸಾಲಿಗೆ ಅಡ್ಡಲಾಗಿ ಇಳಿಯದೆ ಸಾಲಿನ ಉದ್ದಕ್ಕೆ ಇಳಿಯಬೇಕು. ಮೇಲಿನಿಂದ ವಿದ್ಯುತ್ತಿನ ತಂತಿಯು ಕಾಣದು. ಕಂಬಗಳನ್ನು ನೋಡಿ ತಂತಿಯಿದೆಯೆಂದು ಊಹಿಸಬೇಕು. ಮರಗಳ ನಡುವೆ ಹೋಗಲೇಬೇಕಾಗಿ ಬಂದರೆ ರೆಕ್ಕೆಗಳು ಮುರಿದು ಪೆಟ್ಟನ್ನು ಹೀರಲಿ, ಜನರು ಕುಳಿತಿರುವ ಭಾಗವು ಉಳಿಯಲಿ ಎಂದು ನಡೆಸಬೇಕು. ಬೆಲೆಬಾಳುವ ವಿಮಾನವನ್ನು ಉಳಿಸಬೇಕೆಂಬ ಚಿಂತೆಯು ಆಗ ಸಲ್ಲದು. ತಲೆಗೆ ಬಂದದ್ದು ರುಮಾಲಿಗೆ ಹೋಯಿತೆಂಬ ಗಾದೆಯೇ ಅಲ್ಲಿ ನೀತಿ.

ಬೆರಿಲ್ ಮಾರ್ಕಮ್ ಎಂಬಾಕೆಯ ಹಾರಾಟವು ಇದಕ್ಕೆ ಒಳ್ಳೆಯ ನಿದರ್ಶನ. ಪೂರ್ವ ಆಫ್ರಿಕದಲ್ಲಿ ಬೆಳೆದ ಆಕೆ 1936ರ ಸೆಪ್ಟೆಂಬರ್ 4ರ ಸಂಜೆ ಇಂಗ್ಲೆಂಡಿನ ಆಬಿಂಗ್ಡನ್ನಿನಿಂದ ವೇಗಾ ಗಲ್ ಎಂಬ ಸಣ್ಣ ವಿಮಾನದಲ್ಲಿ ಒಬ್ಬಳೇ ಹೊರಟು, ಎದುರುಗಾಳಿಯಲ್ಲಿ ಅಟ್ಲಾಂಟಿಕ್ ಮಹಾಸಾಗರವನ್ನು ಪೂರ್ವದಿಂದ ಪಶ್ಚಿಮಕ್ಕೆ ದಾಟಿದಳು. ಗುರಿ ನ್ಯೂಯಾರ್ಕ್. ಇಪ್ಪತ್ತು ಗಂಟೆಗಳಿಗೂ ಹೆಚ್ಚು ಹಾರಿ ಕೆನಡಾದ ಕರಾವಳಿ ಕಂಡ ಮೇಲೆ ಇಂಜಿನು ಕೈಕೊಟ್ಟಿತು. ತೊಟ್ಟಿಯ ಗಾಳಿಕಂಡಿಯಲ್ಲಿ ಮಂಜುಗಡ್ಡೆ ಕಟ್ಟಿ ಪೆಟ್ರೋಲಿನ ಹರಿವು ನಿಂತುದೇ ಕಾರಣವೆಂದು ಹೇಳುವರು. ಎಣ್ಣೆಯ ಡಬ್ಬಿಗೆ ಒಂದೇ ತೂತನ್ನು ಮಾಡಿದರೆ ಎಣ್ಣೆ ಸರಾಗವಾಗಿ ಸುರಿಯದೆಂಬುದು ಯಾವ ಗೃಹಿಣಿಗೆ ತಿಳಿಯದು? ಗಾಳಿಯು ಒಳಕ್ಕೆ ಬರಲು ಇನ್ನೊಂದು ತೂತು ಬೇಕು, ತೊಟ್ಟಿಗೂ ಅಷ್ಟೆ. ಆಕೆ ಕೇಪ್ ಬ್ರೆಟನ್ ದ್ವೀಪದ ಬಲೀನ್ ಎಂಬಲ್ಲಿ ಜೌಗುನೆಲಕ್ಕೆ ವಿಮಾನವನ್ನಿಳಿಸಿದಳು. ಮೂತಿಯು ಕೆಸರಿನಲ್ಲಿ ಹುಗಿಯಿತು, ಆಕೆಯ ಹಣೆಗೆ ಗಾಯವಾಯಿತು. ಆದರೆ ನಡೆದುಕೊಂಡು ಹೊರಬಂದಳು. ನ್ಯೂಯಾರ್ಕನ್ನು ಮುಟ್ಟದಿದ್ದರೂ, ಇಂಗ್ಲೆಂಡಿನಿಂದ ಅಮೆರಿಕ ಖಂಡಕ್ಕೆ ಎಡೆಬಿಡದೆ ಒಬ್ಬಳೇ ಹಾರಿಬಂದ ಮೊದಲ ಸ್ತ್ರೀಯೆಂಬ ಕೀರ್ತಿಯು ಆಕೆಗೆ ಸಂದಿತು.

ಇಷ್ಟನ್ನು ಹೇಳಿದ ಮೇಲೆ ತಾಯಂದಿರಿಗೆ ನಮ್ಮ ಉತ್ತರವೇನು? ಅಪಾಯವೇ ಇಲ್ಲವೆಂದು ನಾವು ಹೇಳಲಾರೆವು. ಇಂಜಿನು ಮನುಷ್ಯನ ಕೈಯ ಕೆಲಸ. ಅದು ನಿಲ್ಲಬಹುದು, ಮತ್ತು ಕೆಳಗೆ ಯಾವಾಗಲೂ ಬಯಲೇ ಇರುವುದೆಂಬ ಭರವಸೆಯಿಲ್ಲ. ಆದರೆ ನಿಲ್ಲುವ ಕಾರಣಗಳಲ್ಲಿ ಬಹುಭಾಗವನ್ನು ನೆಲದ ಮೇಲೆಯೇ ಕಂಡುಹಿಡಿದು ತಪ್ಪಿಸಬಹುದು. ಉಳಿದುದನ್ನು ಎದುರಿಸುವ ರೀತಿಯನ್ನೂ ಕಲಿಸಬಹುದು. ಒಳ್ಳೆಯ ತರಬೇತಿ ಶಾಲೆಯಲ್ಲಿ ಗುರುವು ವಿದ್ಯಾರ್ಥಿನಿಯ ಪಕ್ಕದಲ್ಲಿ ಕುಳಿತು, ಆಕೆ ನಿರೀಕ್ಷಿಸದ ಸಮಯದಲ್ಲಿ ಇಂಜಿನಿನ ಶಕ್ತಿಯನ್ನು ತಗ್ಗಿಸಿ, "ಈಗ ಇಂಜಿನು ನಿಂತಿತು, ಏನು ಮಾಡುವೆ?" ಎಂದು ಮತ್ತೆ ಮತ್ತೆ ಪರೀಕ್ಷಿಸುವರು. ಯುದ್ಧಕಾಲದಲ್ಲಿ ಶಸ್ತ್ರಾಭ್ಯಾಸವು ಸಲ್ಲದಷ್ಟೆ. ಆದುದರಿಂದ ಮಗಳನ್ನು ಕಳುಹಿಸುವ ಮೊದಲು ಶಾಲೆಯ ಕಟ್ಟಡವನ್ನು ನೋಡಿ ಮೆಚ್ಚಿ ಬರಬೇಡಿರಿ. ಈ ಅಭ್ಯಾಸವನ್ನು ಎಷ್ಟು ಸಲ ಮಾಡಿಸುವಿರಿ, ವಿಮಾನಗಳ ದುರಸ್ತಿಯ ಲೆಕ್ಕವನ್ನು ಹೇಗೆ ಇಡುವಿರಿ ಎಂದು ಕೇಳಿ ಬನ್ನಿರಿ. ಕೇಳುವುದಕ್ಕೆ ನಿಮಗೆ ಹಕ್ಕುಂಟು.

ಈ ಶಾಲೆಯಿಂದ ಹೊರಟು ಮುಂದೆ ಆ ಆಸನದಲ್ಲಿ ಕುಳಿತುಕೊಳ್ಳುವ ನಮ್ಮ ಹುಡುಗಿಯರಿಗೂ ಒಂದು ಮಾತು. ಏಮಿ ಜಾನ್‌ಸನ್ನಳು ದೂರದೇಶಕ್ಕೆ ಹಾರುವ ಮೊದಲು ವಿಮಾನದ ಇಂಜಿನನ್ನು ಬಿಚ್ಚಿ ಜೋಡಿಸಲು ಕಲಿತು, 1929ರಲ್ಲಿ ಬ್ರಿಟನ್ನಿನ ಸ್ತ್ರೀಯರಲ್ಲಿ ಮೊದಲಿಗಳಾಗಿ ವಿಮಾನ ದುರಸ್ತಿಯ ಪರವಾನಗಿಯನ್ನು ಪಡೆದಳು. ಆಕೆಯ ಧೈರ್ಯವು ಮಸಿಹಿಡಿದ ಕೈಗಳಿಂದ ಬಂದುದು. ನೀವು ಬಟ್ಟಲನ್ನು ಬೆಳಕಿಗೆ ಹಿಡಿದು ನೀರಿನ ಗುಳ್ಳೆಯನ್ನು ಹುಡುಕುವಾಗ, ಕಡ್ಡಿಯನ್ನಿಳಿಸಿ ಪೆಟ್ರೋಲನ್ನು ಅಳೆಯುವಾಗ, ಹಿಂದೆ ನಿಂತವರು ತಡವಾಯಿತೆಂದು ಅವಸರಪಡಿಸಬಹುದು. ಅವಸರಪಡಬೇಡಿರಿ. ಆ ಐದು ನಿಮಿಷಗಳನ್ನು ನೆಲದ ಮೇಲೆ ಕೊಡಿರಿ. ಮೇಲೆ ಹೋದ ಮೇಲೆ ಅವನ್ನು ಯಾರೂ ನಿಮಗೆ ಕೊಡಲಾರರು.